ಮಾರಮ್ಮನಿಗೆ ಬೈದು ಇಂಗ್ಲಿಷ್ ಪಾಸಾದದ್ದು

ಭಕ್ತ ಬಂಧುಗಳೇ, ನಾನು ಎಸ್.ಎಸ್.ಎಲ್.ಸಿ.ಯಲ್ಲಿ ಎರಡು ಸಲ ಫೇಲಾದವಳು, ಎರಡು ಸಲವೂ ಇಂಗ್ಲಿಷಿನಲ್ಲೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಧುಗಿರಿಯ ದಂಡಿನ ಮಾರಮ್ಮ ನನಗೆ ಮಾಡಿದ ಉಪಕಾರ ಎಂಥದ್ದೆಂದು ಆಮೇಲೆ ನಿಮಗೇ ತಿಳಿಯುತ್ತದೆ.

ಆಗ ಐವತ್ತೆಂಟನೇ ಇಸವಿ. ಪಾವಗಡದ ಕಡೆ ಮೇಷ್ಟ್ರಾಗಿದ್ದ ನನ್ನ ಯಜಮಾನರು ಜ್ವರ ಬಂದು ಮಧುಗಿರಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಊರಿನಲ್ಲೇ ಅಣ್ಣನ ಮನೆ ಸೇರಿದ್ದೆ. ಅತ್ತಿಗೆ ಕೆಟ್ಟವಳೆಂದು ಹೇಳಲಾರೆ, ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಆದರೆ ಮಾತಿಲ್ಲ. ಉಪ್ಪು ಬೇಕಾದರೂ ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದಳು. ಎರಡನೇ ಸಲ ಫೇಲಾದಾಗ ಮಾತ್ರ ನನ್ನ ಮುಖ ನೋಡಿದಳು.

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣಮ್ಮ. ಮುಂದಿನ್ ಸಲಾನೂ ಆಗ್ಲಿಲ್ಲ ಅಂದ್ರೆ ಗಂಡನ ಮನೇಗೇ ಹೋಗಿ ಇದ್ಬುಡು."

ಗಂಡನ ಮನೆಯೆಂದರೆ ಭಾವನವರ ಮನೆ. ಅಲ್ಲಿ ಜೀವಮಾನವೆಲ್ಲ ಒಲೆ ಮುಂದೆ ಸಂಬಳವಿಲ್ಲದ ಆಳಾಗಿರಬೇಕಿತ್ತು. ಪಾಸಾದರೆ ಟೀಚರ್ ಟ್ರೈನಿಂಗು, ಕೆಲಸ, ನನ್ನದೇ ಒಂದು ಕೋಣೆ.

ಇಂಗ್ಲಿಷ್ ಕಬ್ಬಿಣದ ಕಡಲೆ ಎನ್ನುತ್ತಾರಲ್ಲ, ನನ್ನ ಹಲ್ಲು ಮುರಿದದ್ದು ಅದರ ಅಲಂಕಾರಗಳಲ್ಲಿ. ಸಿಮಿಲಿ, ಮೆಟಫರ್ ನಮ್ಮ ಉಪಮೆ, ರೂಪಕಗಳೇ, ಹೇಗೋ ನುಂಗಿದೆ. ಜೀವವಿಲ್ಲದ್ದಕ್ಕೆ ಜೀವ ಬಂದರೆ ಪರ್ಸಾನಿಫಿಕೇಷನ್, ಅದೂ ಆಯಿತು. ಅಪಾಸ್ಟ್ರಫಿ ಎನ್ನುವುದೊಂದು ಮಾತ್ರ ತಲೆಗೆ ಹತ್ತಲೇ ಇಲ್ಲ. ಸಿರಾದಿಂದ ಬಂದು ನಮ್ಮ ಬೀದಿಯಲ್ಲಿದ್ದ ಹುಸೇನ್ ಮೇಷ್ಟ್ರು ಬೇಸರವಿಲ್ಲದೆ ಹೇಳಿಕೊಡುತ್ತಿದ್ದರು.

"ಇಲ್ದೋರ್ನ ಇದಾರೆ ಅಂತ ಕರೆದು ಮಾತಾಡ್ಸೋದು ಕಣಮ್ಮ, ಅಷ್ಟೇಯ."

ಪುಸ್ತಕದ ಉದಾಹರಣೆಗಳನ್ನು ಗಟ್ಟಿ ಮಾಡುತ್ತಿದ್ದೆ, ಬೆಳಗಾದರೆ ಮರೆಯುತ್ತಿದ್ದೆ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಮಾರಮ್ಮನ ಗುಡಿಗೆ ಹೋದೆ. ಯಾರೂ ಇರಲಿಲ್ಲ. ಹಣ್ಣುಕಾಯಿ ಒಯ್ದಿರಲಿಲ್ಲ, ಬರೀ ಸಿಟ್ಟು ಹೊತ್ತು ಹೋಗಿದ್ದೆ.

"ಏನೇ, ಅಷ್ಟು ದೊಡ್ಡ ಕಣ್ಣು ಬುಟ್ಕೊಂಡು ಕುಂತಿದೀಯಲ್ಲ, ನಾನು ಕಾಣ್ಸಲ್ವಾ ನಿಂಗೆ? ಮನೇಲಿ ಯಾರೂ ಮಾತಾಡ್ಸಲ್ಲ. ನೀನೂ ಅಂಗೇ ಕುಂತ್ರೆ ನಾನು ಯಾರತ್ರ ಹೋಗ್ಲಿ?"

ಬಾಯಿಗೆ ಬಂದಂತೆ ಬೈದು, ಅತ್ತು, ಮನೆಗೆ ಬಂದು ರಾಗಿ ಬೀಸಿದೆ.

ಮರುದಿನ ಅಣ್ಣ ತುಮಕೂರಿನ ಬಸ್ಸು ಹತ್ತಿಸಿ ಹೋದ. ಕೊರಟಗೆರೆ ದಾಟುವವರೆಗೂ ಪುಸ್ತಕ ತೆಗೆಯಲು ಧೈರ್ಯ ಬರಲಿಲ್ಲ. ಪರೀಕ್ಷೆಯಲ್ಲಿ ಅದೇ ಬಂದಿತ್ತು. ಅಪಾಸ್ಟ್ರಫಿ ಎಂದರೇನು, ನಿಮ್ಮದೇ ಉದಾಹರಣೆ ಕೊಡಿ. ಪುಸ್ತಕದ್ದು ಒಂದೂ ನೆನಪಾಗಲಿಲ್ಲ, ನಿನ್ನೆ ಗುಡಿಯಲ್ಲಿ ಬೈದದ್ದು ನೆನಪಾಯಿತು. ಇದೇ ಅಲ್ಲವೇ ಅದು ಎಂದುಕೊಂಡು 'ಓ ಮಾರಮ್ಮ' ಎಂದು ಬರೆದೆ. ಪೆನ್ನು ಅಲ್ಲೇ ನಿಂತಿತು. ಇಲ್ಲದವರನ್ನು ತಾನೇ ಕರೆಯಬೇಕು? ನಮ್ಮ ಅಮ್ಮ ಮಾರಮ್ಮ ಇಲ್ಲದವಳು ಹೇಗಾದಾಳು? ಹೊಡೆದುಹಾಕಿದೆ. ಹಾಗಾದರೆ ನನಗೆ ಇಲ್ಲದವರು ಯಾರು ಎಂದು ನನ್ನನ್ನೇ ಕೇಳಿಕೊಂಡೆ.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಬದುಕಿದ್ದಾಗ ಹೇಳಲಿಲ್ಲ. ಹೋದ ಮೇಲೂ ಯಾರಾದರೂ ಕೇಳಿದರೆ ಪಕ್ಕದವರಿಂದ ಹೇಳಿಸುತ್ತಿದ್ದೆ. ಆ ದಿನ 'ಓ' ಎಂದು ಬರೆದು ಮುಂದೆ ಅವರ ಹೆಸರು ಬರೆದೆ. ನಿಮ್ಮ ಚಪ್ಪಲಿ ನನ್ನ ಟ್ರಂಕಿನಲ್ಲಿದೆ, ನೀವು ಎಲ್ಲಿದ್ದೀರಿ, ನನ್ನನ್ನು ಯಾರೂ ಮಾತಾಡಿಸುವುದಿಲ್ಲ ಎಂದು ನನಗೆ ಬಂದ ಮುರುಕು ಇಂಗ್ಲಿಷಿನಲ್ಲಿ ಬರೆದೆ. ಕಣ್ಣೀರು ಸುರಿಯಿತು. ಮೇಲ್ವಿಚಾರಕರು ಹೆದರಿ ನೀರು ತರಿಸಿಕೊಟ್ಟರು. ಕುಡಿದು ಉಳಿದದ್ದನ್ನೆಲ್ಲ ಬರೆದು ಮುಗಿಸಿದೆ.

ಪಾಸಾದೆ. ಪೇಪರಿನಲ್ಲಿ ನಂಬರು ನೋಡಿ ಮೊದಲು ಓಡಿ ಬಂದವರು ಹುಸೇನ್ ಮೇಷ್ಟ್ರು.

ಟ್ರೈನಿಂಗ್ ಮುಗಿಸಿ ಈಗ ಕಳ್ಳಂಬೆಳ್ಳದ ಕಡೆ ಕೆಲಸದಲ್ಲಿದ್ದೇನೆ. ಒಂಟಿತನ ಹೋಯಿತೆಂದು ಸುಳ್ಳು ಹೇಳಲಾರೆ. ಸಂಜೆ ಬಾಗಿಲು ಹಾಕಿಕೊಂಡರೆ ಈಗಲೂ ಮಾತಾಡಿಸುವವರಿಲ್ಲ. ಆಗ ಅಮ್ಮನಿಗೆ ದಿನದ ಕಥೆಯನ್ನೆಲ್ಲ ಹೇಳುತ್ತೇನೆ, ಒಮ್ಮೊಮ್ಮೆ ಬೈಯುತ್ತೇನೆ. ಬೇಡಿದವರಿಗೆ ಮಾತ್ರ ಕೊಡುತ್ತಾಳೆಂದು ತಿಳಿಯಬೇಡಿ, ಬೈದವರಿಗೂ ಕೊಡುತ್ತಾಳೆ.

ಯಜಮಾನರ ಹೆಸರನ್ನು ಇಲ್ಲಿ ಬರೆದಿಲ್ಲ, ಬರೆಯುವುದೂ ಇಲ್ಲ. ಅವರಿಲ್ಲ. ಅಮ್ಮ ಇದ್ದಾಳೆ.