ಭಟ್ಟರ ಹುಬ್ಬಿನ ಮೇಲಿನ ಕಲೆ

ಮಾತನಾಡುವ ಚಿತ್ರಗಳು ಬಂದು ಕೆಲವೇ ವರ್ಷಗಳಾಗಿದ್ದ ಕಾಲ. ಪುಣೆಯ ಒಂದು ಸ್ಟುಡಿಯೋದಲ್ಲಿ ನಾನು ಮೇಕಪ್ ವಿಭಾಗದ ಸಹಾಯಕ. ಧಾರವಾಡದಲ್ಲಿ ಡ್ರಾಯಿಂಗ್ ಮಾಸ್ತರನಾಗಬೇಕಿದ್ದವನು ಮುಖಗಳ ಮೇಲೆ ಬರೆಯುತ್ತ ಇಪ್ಪತ್ತೆಂಟು ವರ್ಷ ಕಳೆದೆ. ನೂರಾರು ಮುಖ ಮರೆತಿವೆ. ಒಂದು ಮಾತ್ರ ಇವತ್ತಿಗೂ ನನ್ನ ತಲೆ ತಿನ್ನುತ್ತದೆ.

ಆಗ ಹಾಸ್ಯಚಿತ್ರಗಳಿಗೆ ಒಂದು ಪದ್ಧತಿಯಿತ್ತು. ಗ್ರೀಸ್ ಪೇಂಟ್ ಎಂಬ ಜಿಡ್ಡುಬಣ್ಣ ನಂಬರು ಹಾಕಿದ ಕಡ್ಡಿಗಳಲ್ಲಿ ಬರುತ್ತಿತ್ತು. ನಾಯಕನಿಗೆ ತೆಳು ಬಣ್ಣ, ನಗಿಸುವವನಿಗೆ ಗಾಢ ಬಣ್ಣ. ದಕ್ಷಿಣದ ಹೋಟೆಲಿನವನ ಪಾತ್ರವೆಂದರಂತೂ ಕೇಳುವುದೇ ಬೇಡ: ಎಲ್ಲಕ್ಕಿಂತ ಕಪ್ಪು ಕಡ್ಡಿ, ಹೊಟ್ಟೆಗೆ ದಿಂಬು, ಹರಕು ಮುರುಕು ಮರಾಠಿ. ಅವನು ಉಡುಪಿಯವನೋ ಮದರಾಸಿನವನೋ ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಒಂದು ದಿನ ಆ ಪಾತ್ರದ ನಟನಿಗೆ ಜ್ವರ. ಅದೇ ಹೊತ್ತಿಗೆ ಸೆಟ್ಟಿಗೆ ಉಪ್ಪಿಟ್ಟು ತಂದ ಶ್ರೀಪತಿ ಭಟ್ಟರು ನಿರ್ದೇಶಕರ ಕಣ್ಣಿಗೆ ಬಿದ್ದರು. ಉಡುಪಿ ಕಡೆಯ ಭಟ್ಟರು ಸ್ಟುಡಿಯೋದ ಎದುರಿಗೇ ಹೋಟೆಲು ಇಟ್ಟಿದ್ದರು. ಎರಡು ಹೊತ್ತೂ ನನ್ನ ಊಟ ಅಲ್ಲೇ. ಕೆಂಪು ಮೈಬಣ್ಣ, ಸಣಕಲು ಆಳು.

"ನಿಜವಾದ ಹೋಟೆಲಿನವನೇ ಸಿಕ್ಕ! ಇವನನ್ನು ಹೋಟೆಲಿನವನ ಹಾಗೆ ಮಾಡು" ಎಂದು ನಿರ್ದೇಶಕರು ಮರಾಠಿಯಲ್ಲಿ ನನಗೆ ಹೇಳಿದರು.

ಭಟ್ಟರು ಹಿಗ್ಗಿಹೋದರು. ಊರಿಗೆ ಹೋಗಿ ಆರು ವರ್ಷವಾಗಿತ್ತು, ತಾಯಿಗೆ ಎಂಬತ್ತು ದಾಟಿತ್ತು. ಚಿತ್ರ ಮಂಗಳೂರಿಗೂ ಹೋಗುತ್ತದೆಂದು ಯಾರೋ ಹೇಳಿದ್ದರು. "ಅಮ್ಮ ಒಮ್ಮೆ ನನ್ನ ಮುಖ ನೋಡಿದರೆ ಸಾಕು ಮಾರಾಯ್ರೆ" ಎನ್ನುತ್ತ ಕುರ್ಚಿಯಲ್ಲಿ ಕುಳಿತರು.

ಅರ್ಧ ಬಣ್ಣ ಮುಗಿದಾಗ ಕನ್ನಡಿ ನೋಡಿಕೊಂಡು ದಂಗಾದರು. "ಎಂತ ಮಾರಾಯ್ರೆ ಇದು? ನಾನು ನನ್ನ ಹಾಗೆ ಕಾಣಲಿಕ್ಕೆ ಇಷ್ಟು ಬಣ್ಣ ಬೇಕಾ?"

"ಸುಮ್ನ ಕುಂದರ್ರಿ ಭಟ್ಟರ, ಪಿಚ್ಚರ್‌ದಾಗ ಹಿಂಗ ಇರ್ತದ" ಎಂದೆ. ಯಾಕೆ ಹೀಗಿರುತ್ತದೆ ಎಂಬುದು ನನಗೂ ಗೊತ್ತಿರಲಿಲ್ಲ.

ಅವರ ಎಡ ಹುಬ್ಬಿನ ಮೇಲೆ ಸುಟ್ಟ ಕಲೆಯಿತ್ತು. ಮಗುವಾಗಿದ್ದಾಗ ಒಲೆಯ ಹತ್ತಿರ ಬಿದ್ದದ್ದು. "ಇದೊಂದು ಬಿಡಿ. ಅಮ್ಮನಿಗೆ ಗುರುತು ಸಿಗ್ತದೆ" ಎಂದರು. ಬಿಟ್ಟೆ.

ಮುಂದಿನ ಪೇಚು ಮಾತಿನದು. ಹನ್ನೆರಡು ವರ್ಷ ಪುಣೆಯಲ್ಲಿದ್ದ ಭಟ್ಟರ ಮರಾಠಿ, ಶುದ್ಧ ಮಾತಿಗೆ ಹೆಸರಾದ ಸದಾಶಿವ ಪೇಟೆಯವರೂ ಮೆಚ್ಚುವಂಥದ್ದು. ಹೀಗಾದರೆ ಜನ ನಗುವುದಿಲ್ಲ, ಕೆಡಿಸು, ದನಿಯನ್ನೂ ಕೀರಲು ಮಾಡಿಸು ಎಂದು ನಿರ್ದೇಶಕರು ನನಗೆ ಹೇಳಿದರು. ನಾನು ಪುಣೆಗೆ ಬಂದ ಹೊಸದರಲ್ಲಿ ತಡವರಿಸುತ್ತಿದ್ದ ಮರಾಠಿಯನ್ನೇ ಅವರಿಗೆ ಕಲಿಸಿಕೊಟ್ಟೆ. ಇಡೀ ಸೆಟ್ಟು ನಕ್ಕಿತು. ನಾನೂ ನಕ್ಕೆ. ಭಟ್ಟರನ್ನು ನೋಡಿ ನಕ್ಕೆನೋ, ನನ್ನನ್ನೇ ನೋಡಿ ನಕ್ಕೆನೋ, ತಿಳಿಯಲಿಲ್ಲ.

ಅಷ್ಟರಲ್ಲಿ ಕ್ಯಾಮೆರಾದವರು ಕೂಗಿದರು: ಹುಬ್ಬಿನ ಮೇಲೆ ಏನೋ ಬೆಳ್ಳಗೆ ಹೊಳೆಯುತ್ತಿದೆ. ನಿರ್ದೇಶಕರು ನನ್ನ ಕಡೆ ನೋಡಿದರು. ಭಟ್ಟರೂ ನೋಡಿದರು. ಕೆಲಸ ಹೊಸದು, ಬೈಸಿಕೊಳ್ಳುವ ಭಯ. ಬೆರಳಿಗೆ ಬಣ್ಣ ತಗೊಂಡು ಕಲೆಯ ಮೇಲೆ ಒತ್ತಿದೆ. ಒಂದೇ ಬೆರಳಿನ ಕೆಲಸ, ಅಷ್ಟೇ.

ಚಿತ್ರ ಚೆನ್ನಾಗಿ ಓಡಿತು. ಕೆಲವು ತಿಂಗಳ ಮೇಲೆ ನಾನು ಊಟಕ್ಕೆ ಕುಳಿತಾಗ ಭಟ್ಟರು ತಮ್ಮನ ಕಾಗದ ಓದಿ ಹೇಳಿದರು. "ಅಮ್ಮನನ್ನು ಮಂಗಳೂರಿಗೆ ಕರಕೊಂಡು ಹೋಗಿ ಮುಂದಿನ ಬೆಂಚಿನಲ್ಲೇ ಕೂರಿಸಿದೆ. ಆ ಕಪ್ಪು ಹೋಟೆಲಿನವನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ನೀನೇ ಎಂದು ನಾನು ಹೇಳಿದರೂ ನಂಬಲಿಲ್ಲ. ಎಲ್ಲ ಮುಗಿದು ಜನ ಹೊರಟ ಮೇಲೂ, ನಮ್ಮ ಶ್ರೀಪತಿ ಇನ್ನೂ ಬರಲಿಲ್ಲವಲ್ಲ ಎಂದು ಏಳಲು ಒಪ್ಪಲೇ ಇಲ್ಲ."

ಭಟ್ಟರು ಕಾಗದ ಮಡಚಿದರು. "ನಕ್ಕರಲ್ಲ, ಒಳ್ಳೆಯದೇ ಆಯ್ತು" ಎಂದು ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದರು. ಸಿಟ್ಟೋ ಸಮಾಧಾನವೋ, ಆ ಮುಖದಲ್ಲಿ ನನಗೆ ಗೊತ್ತಾಗಲಿಲ್ಲ. ನಾಚಿಕೆಯಿಂದ ತಲೆ ಎತ್ತದೆ ಆ ಸಾರು ಉಂಡೆ.

ನಿರ್ದೇಶಕರು ಕೆಟ್ಟವರಲ್ಲ, ನಕ್ಕ ಜನರೂ ಕೆಟ್ಟವರಲ್ಲ. ಹಾಗಾದರೆ ಆ ತಾಯಿಗೆ ಮಗನನ್ನು ತಪ್ಪಿಸಿದವರು ಯಾರು? ಎಷ್ಟು ಯೋಚಿಸಿದರೂ ಕಣ್ಣಿಗೆ ಬರುವುದು ನನ್ನ ಬೆರಳೇ. ಆಮೇಲೆ ಎಂಥ ಪಾತ್ರವಿರಲಿ, ಬಣ್ಣದ ಡಬ್ಬಿ ತೆಗೆಯುವ ಮೊದಲು, "ಮನ್ಯಾಗ ನಿಮ್ಮನ್ನ ಯಾವ ಗುರುತಿನಿಂದ ಹಿಡೀತಾರ್ರಿ?" ಎಂದು ಕೇಳುತ್ತಿದ್ದೆ. ಆ ಗುರುತನ್ನು ಮುಚ್ಚುತ್ತಿರಲಿಲ್ಲ. ಅದಕ್ಕಾಗಿ ಕ್ಯಾಮೆರಾದವರಿಂದ ಎಷ್ಟೋ ಸಲ ಬೈಸಿಕೊಂಡೆ. ಭಟ್ಟರು ನನ್ನ ಮುಖ ನೋಡಿದ ಆ ದಿನವೇ ಬೈಸಿಕೊಳ್ಳಬೇಕಿತ್ತು.