ನಾನು ಓದಿ ಹೇಳಿದ ಸಿನಿಮಾ

ಮೊನ್ನೆ ನಂಜನಗೂಡಿನ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಹಳೆಯ ಸಿ.ಡಿ.ಗಳನ್ನು ಗೋಣಿತಾಟಿನ ಮೇಲೆ ಹರವಿಕೊಂಡು ಕೂತಿದ್ದ. ಸುಮ್ಮನೆ ಕೆದಕಿದೆ. ಕೆದಕುವುದು ನನ್ನ ಹುಟ್ಟುಗುಣ, ಕೊಳ್ಳುವುದು ಕಡಿಮೆ. ಒಂದರ ಮೇಲೆ ಮಿಲಿಟರಿ ಕೋಟು ತೊಟ್ಟ ಬಡಕಲು ಮನುಷ್ಯನ ಚಿತ್ರವಿತ್ತು. ನೋಡಿದೊಡನೆ ಗುರುತು ಸಿಕ್ಕಿತು. ಈ ಮನುಷ್ಯನ ಬಾಯಲ್ಲಿ ನಾನು ಹಿಂದೊಮ್ಮೆ ಕನ್ನಡ ಆಡಿಸಿದ್ದೆ.

ಆಗ ನಾನು ನಂಜನಗೂಡಿನ ಪಕ್ಕದ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಹಾಜರಿ ಗುಮಾಸ್ತ. ಸಿನಿಮಾ ಹುಚ್ಚಿನ ಮ್ಯಾನೇಜರೊಬ್ಬರು ಭಾನುವಾರ ಕ್ಯಾಂಟೀನಿನಲ್ಲಿ ಟಿ.ವಿ. ಇಟ್ಟು ವಿದೇಶದ ಚಿತ್ರ ತೋರಿಸುತ್ತಿದ್ದರು. ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಕನ್ನಡದಲ್ಲಿ ಕೂಗಿ ಹೇಳುವುದು ನನ್ನ ಪಾಲಿನ ಸೇವೆ. ನನ್ನ ಇಂಗ್ಲಿಷೋ ಅಷ್ಟಕ್ಕಷ್ಟೇ. ತಿಳಿಯದ ಕಡೆ ಬಾಯಿಗೆ ಬಂದದ್ದು ಸೇರಿಸುತ್ತಿದ್ದೆ. ಅಂಥ ಕಡೆಯೇ ಚಪ್ಪಾಳೆ ಜಾಸ್ತಿ ಬೀಳುತ್ತಿತ್ತು, ಏನು ಮಾಡಲಿ ಹೇಳಿ.

ಆ ಚಿತ್ರದಲ್ಲಿ ಯುದ್ಧ ಮುಗಿಸಿ ಬಂದ ಸೈನಿಕನೊಬ್ಬ ಹಿಟ್ಟಿನ ಗೋದಾಮಿನ ಕಾವಲಿಗೆ ಸೇರುತ್ತಾನೆ. ಎಲ್ಲರೂ ಕದಿಯುತ್ತಾರೆ, ಇವನೊಬ್ಬ ಕದಿಯುವುದಿಲ್ಲ; ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಹಸಿವು. ಕಡೆಗೆ ಧಣಿ ಒಂದು ಸುಳ್ಳು ಕಾಗದಕ್ಕೆ ರುಜು ಹಾಕೆನ್ನುತ್ತಾನೆ. ಕೊನೆಯ ದೃಶ್ಯದಲ್ಲಿ ಇವನು ಬ್ರೆಡ್ಡು ಹಿಡಿದು ಮನೆಗೆ ಬಂದು ಹೆಂಡತಿಗೆ ಏನೋ ಹೇಳುತ್ತಾನೆ. ಓದುವಷ್ಟರಲ್ಲಿ ಸಾಲು ಮಾಯ. ನಾನು ಬಿಟ್ಟೇನೆಯೇ? "ನಾನು ರುಜು ಹಾಕ್ಲಿಲ್ಲ ಕಣೇ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಚಪ್ಪಾಳೆಯ ನಡುವೆ ಸುಮ್ಮನೆ ಕೂತಿದ್ದವನು ನಮ್ಮ ಗೇಟಿನ ಕಾವಲಿನ ಮಾದಣ್ಣ. ಹೆಮ್ಮಿಗೆಯವನು, ಅವನೂ ಗಡಿಯಲ್ಲಿ ಯುದ್ಧ ಕಂಡು ಬಂದವನೇ. ಆ ವಾರ ಕೆಲಸಗಾರನೊಬ್ಬನ ಕೈ ಮೆಷಿನ್ನಿಗೆ ಸಿಕ್ಕಿತ್ತು. ಅವನು ಕುಡಿದು ಒಳಗೆ ಬಂದನೆಂದು ಗೇಟಿನ ಪುಸ್ತಕದಲ್ಲಿ ಬರೆಯುವಂತೆ ಮಾದಣ್ಣನಿಗೆ ಮೇಲಿನಿಂದ ಒತ್ತಡ. ಬರೆದರೆ ಪರಿಹಾರದ ದುಡ್ಡು ತಪ್ಪಿ ಆ ಕೆಲಸಗಾರ ಕೆಟ್ಟ. ಬರೆಯದಿದ್ದರೆ ಮಾದಣ್ಣ ಕೆಟ್ಟ. ಕುಡಿದಿರಲಿಲ್ಲವೆಂದು ನನಗೂ ಗೊತ್ತಿತ್ತು. ಆ ದಿನ ಬೆಳಿಗ್ಗೆ ಆ ಕೆಲಸಗಾರನನ್ನು ಮಾತಾಡಿಸಿ ಹಾಜರಿ ಹಾಕಿದವನೇ ನಾನು.

ಹೊರಗೆ ಬರುವಾಗ ಮಾದಣ್ಣ ಕೇಳಿದ: "ಸಾ, ಆವಯ್ಯ ದಿಟ್ವಾಗ್ಲೂ ಸೈನ್ ಆಕ್ನಿಲ್ವಾ?"

"ಇಲ್ಲ ಮಾದಣ್ಣ, ಹಾಕ್ಲೇ ಇಲ್ಲ."

ಮರುದಿನ ಮಾದಣ್ಣ ಬರೆಯಲಿಲ್ಲ. ವಾರದೊಳಗೆ ಅವನ ಕೆಲಸ ಹೋಯಿತು. ನನ್ನ ಬಾಯಿಚಪಲಕ್ಕೆ ಒಬ್ಬನ ಅನ್ನ ಹೋಯಿತೇ ಎಂಬ ಕೊರಗು, ಆ ಸೈನಿಕ ನಿಜಕ್ಕೂ ಏನು ಹೇಳಿದ್ದ ಎಂಬ ಕುತೂಹಲ, ಎರಡೂ ಇಷ್ಟು ವರ್ಷ ಕಾಡಿದವು.

ಸಿ.ಡಿ. ತಂದು ಹಾಕಿದೆ. ಕಡೆಯ ಸಾಲನ್ನು ನಿಲ್ಲಿಸಿ ಓದಿದೆ. "ಹಾಕಿಬಿಟ್ಟೆ. ಊಟ ಮಾಡೋಣ." ಅಷ್ಟೇ.

ಮಾರನೆಯ ದಿನವೇ ಹೆಮ್ಮಿಗೆಗೆ ಹೋದೆ. ಮಾದಣ್ಣ ಗದ್ದೆಯಿಂದ ಬಂದು ಜಗಲಿಯ ಮೇಲೆ ಕೂತಿದ್ದ. ತಪ್ಪೊಪ್ಪಿಕೊಂಡೆ. ಅವನು ನಕ್ಕುಬಿಟ್ಟ.

"ಅದು ನಂಗೆ ಅವತ್ತೇ ಗೊತ್ತಾಯ್ತು ಸಾ. ಸೈನ್ ಆಕ್ದೆ ಇದ್ರೆ ಬ್ರೆಡ್ಡು ಎಲ್ಲಿಂದ ಬತ್ತಿತ್ತು?"

"ಮತ್ತೆ ನನ್ನನ್ನ ಯಾಕೆ ಕೇಳ್ದೆ?"

"ಆ ಕೆಲ್ಸದವ್ನು ಕುಡ್ದಿರ್ನಿಲ್ಲ ಅಂತ ನಿಮ್ಗೂ ಗೊತ್ತಿತ್ತಲ್ಲ ಸಾ. ನೀವೂ ನನ್ ಜೊತೆ ಮೇಲ್ನೋರ್ ತಾವ ಬಂದು ಒಂದ್ ಮಾತೇಳ್ತೀರೇನೋ ಅಂತ ಕೇಳ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇಷ್ಟು ವರ್ಷ ನನ್ನ ಸುಳ್ಳಿಗಾಗಿ ಕೊರಗಿದ್ದೆ. ನನ್ನ ಮೌನದ ನೆನಪೇ ನನಗಿರಲಿಲ್ಲ.

"ಕುಡಿದಿರ್ಲಿಲ್ಲ ಮಾದಣ್ಣ, ನಂಗೆ ಗೊತ್ತಿತ್ತು," ಎಂದೆ. ಆ ಮಾತು ಕೇಳಿಸಿಕೊಳ್ಳಲು ಜಗಲಿಯ ಮೇಲೆ ನಾವಿಬ್ಬರೇ ಇದ್ದೆವು.