ನಾಲ್ಕು ಗಂಟೆಯ ರೀಡಿಂಗು

ಮೊನ್ನೆ ಲಿಂಗಂಪಲ್ಲಿಯಲ್ಲಿ ಮಿಕ್ಸರ್ ರಿಪೇರಿಗೆ ಕೊಟ್ಟು ಅಂಗಡಿಯ ಮುಂದೆ ನಿಂತಿದ್ದೆ. ಒಳಗಿನಿಂದ ಸೋಲ್ಡರಿನ ರಾಳ ಸುಟ್ಟ ವಾಸನೆ ಬಂತು. ಇಪ್ಪತ್ತು ವರ್ಷದ ಹಿಂದಿನ ನಮ್ಮ ಟೆಸ್ಟಿಂಗ್ ಸೆಕ್ಷನ್ನು ಕಣ್ಣ ಮುಂದೆ ನಿಂತಿತು. ಅದರ ಹಿಂದೆಯೇ ಕಾಕಾ...

ಜೀಡಿಮೆಟ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾವು ಪವರ್ ಸಪ್ಲೈ ಯೂನಿಟ್ಟುಗಳನ್ನು ಪರೀಕ್ಷಿಸುತ್ತಿದ್ದೆವು. ಬಾಗಲಕೋಟೆ ಕಡೆಯ ಆ ಹಿರಿಯರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ನನಗೆ ಕೆಲಸ ಕಲಿಸಿದವರು ಅವರೇ. ಬೆರಳು ಹತ್ತಿರ ತಂದೇ ಯೂನಿಟ್ಟು ಎಷ್ಟು ಕಾದಿದೆ ಎಂದು ಹೇಳಬಲ್ಲವರಾಗಿದ್ದರು.

ಆಗ ನಗರದ ಇನ್ನೊಂದು ಬದಿಯ ಮಾದಾಪುರದಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು. ನಮ್ಮ ಇಂಜಿನಿಯರುಗಳು ಒಬ್ಬೊಬ್ಬರಾಗಿ ಅಲ್ಲಿಗೆ ಹೋದರು. ಇಲ್ಲಿ ಆರ್ಡರು ಕಡಿಮೆಯಾಯಿತು. ಬಾಗಿಲು ಮುಚ್ಚುತ್ತಾರಂತೆ ಎಂಬ ಸುದ್ದಿ ವಾರಕ್ಕೊಮ್ಮೆ ಹಬ್ಬುತ್ತಿತ್ತು. ಪ್ಯಾಕಿಂಗ್ ಪೆಟ್ಟಿಗೆಗಳ ಹಿಂದೆ ಇಸ್ಪೀಟು ಶುರುವಾದದ್ದು ಆಗಲೇ. ಮೊದಲು ಊಟದ ಹೊತ್ತಿನಲ್ಲಿ, ಚಹಾದ ಪಂದ್ಯಕ್ಕೆ. ಆಮೇಲೆ ದುಡ್ಡಿಗೆ, ಯಾವ ಹೊತ್ತಿನಲ್ಲಾದರೂ. ಕಾಕಾ ಬುತ್ತಿ ಬಿಚ್ಚುವುದನ್ನೇ ಬಿಟ್ಟರು. ಮಾತಾಡಿಸಿದರೆ ಸಿಡುಕುತ್ತಿದ್ದರು.

ಒಮ್ಮೆ ಧೈರ್ಯ ಮಾಡಿ, ಯಾಕೆ ಆಡುತ್ತೀರಿ ಎಂದು ಕೇಳಿದೆ.

"ಖಾಲಿ ಕುಂತ್ರ ಬರೇ ನಾಳಿನ ಚಿಂತಿ, ತಂಗಿ. ಎಲಿ ಹಿಡದಾಗ ಏನರ ಒಂದು ನನ್ನ ಕೈಯಾಗ ಐತಿ ಅನಸ್ತೈತಿ," ಅಂದರು.

ಲೋಡಿನ ಮೇಲಿಟ್ಟ, ಅಂದರೆ ಪೂರ್ತಿ ಕರೆಂಟು ಎಳೆಯುವಂತೆ ಗಂಟೆಗಟ್ಟಲೆ ಓಡಿಸಿ ಪರೀಕ್ಷಿಸುವ, ಯೂನಿಟ್ಟಿನ ಬಿಸಿಯನ್ನು ಅರ್ಧ ಗಂಟೆಗೊಮ್ಮೆ ನೋಡಿ ಹಾಳೆಯಲ್ಲಿ ಬರೆಯಬೇಕಿತ್ತು. ಕಾಕಾ ಮಧ್ಯಾಹ್ನವೇ ಸಂಜೆಯವರೆಗಿನ ಅಂಕಿಗಳನ್ನು ಅಂದಾಜಿನಲ್ಲಿ ತುಂಬಿ ಎದ್ದು ಹೋಗತೊಡಗಿದರು. ಪಕ್ಕದ ಮೇಜಿನಿಂದ ನಾನು ನೋಡುತ್ತಿದ್ದೆ. ಕಲಿಸಿದವರಿಗೆ ಹೇಗೆ ಹೇಳುವುದು... ನನ್ನ ಮೀಟರಿನ ಕಡೆ ತಿರುಗುತ್ತಿದ್ದೆ.

ಒಂದು ದಿನ ಅವರ ಮೇಜಿನ ಮೇಲಿದ್ದ ಯೂನಿಟ್ಟಿನ ಫ್ಯಾನು ನಿಂತುಹೋದದ್ದು ನನ್ನ ಗಮನಕ್ಕೆ ತಡವಾಗಿ ಬಂತು. ಸ್ವಿಚ್ಚಿಗೆ ಕೈ ಚಾಚುವಷ್ಟರಲ್ಲಿ ಒಳಗಿನ ಕೆಪ್ಯಾಸಿಟರ್ ಸಿಡಿಯಿತು. ಕುದಿಯುವ ದ್ರವ ನನ್ನ ಎಡಗೈಗೆ ಚಿಮ್ಮಿತು.

ಕಾಕಾ ಓಡಿ ಬಂದು ಮೇನ್ ಸ್ವಿಚ್ಚು ಆರಿಸಿ, ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದರು. ಅವರ ಜೇಬಿನಿಂದ ಇಸ್ಪೀಟಿನ ಎಲೆಗಳು ಇಣುಕುತ್ತಿದ್ದವು. ಗಡಿಯಾರದಲ್ಲಿ ಮೂರೂ ಇಪ್ಪತ್ತು. ಮೇಜಿನ ಮೇಲಿನ ಹಾಳೆಯಲ್ಲಿ ನಾಲ್ಕು ಗಂಟೆಯ ರೀಡಿಂಗೂ ಇತ್ತು, ಐದರದೂ.

ಮೆಟ್ಟಿಲ ಮೇಲೆ ಮ್ಯಾನೇಜರರ ಬೂಟಿನ ಸಪ್ಪಳ ಕೇಳಿಸಿತು. ಕಾಕಾರ ಜೊತೆ ಆಡುತ್ತಿದ್ದವನೊಬ್ಬ ನನ್ನ ಬಳಿ ಬಂದು, ಆ ಹಾಳೆ ಹರಿದುಬಿಡಿ ಎಂದು ತೆಲುಗಿನಲ್ಲಿ ಪಿಸುಗುಟ್ಟಿದ. ನಾನು ಬಲಗೈಯಲ್ಲಿ ಹಾಳೆ ಎತ್ತಿಕೊಂಡೆ.

"ಇಲ್ಲಿ ಕೊಡು ತಂಗಿ," ಅಂದರು ಕಾಕಾ.

ಕೊಟ್ಟೆ. ಅವರೇ ಹರಿಯುತ್ತಾರೆ ಎಂದುಕೊಂಡೆ. ಅವರು ಅದನ್ನು ಮ್ಯಾನೇಜರರ ಮುಂದೆ ಹಿಡಿದು, ಹಿಂದಿಯಲ್ಲಿ, ಒಂದು ಮಾತೂ ತಡವರಿಸದೆ ಹೇಳಿದರು: ಇದು ನಾನು ಬರೆದದ್ದು, ನಾನು ಇಲ್ಲಿರಲಿಲ್ಲ, ಎಲೆ ಆಡುತ್ತಿದ್ದೆ.

ಜೊತೆಗೆ ಆಡಿದವರ ಹೆಸರನ್ನು ಎಷ್ಟು ಕೇಳಿದರೂ ಹೇಳಲಿಲ್ಲ. ಆ ವಾರವೇ ಅವರ ಕೆಲಸ ಹೋಯಿತು. ಆಡಿದವರಲ್ಲಿ ಯಾರೂ ಗೇಟಿನವರೆಗೆ ಬರಲಿಲ್ಲ. ಕೈಗೆ ಪಟ್ಟಿ ಕಟ್ಟಿಕೊಂಡು ನಾನು ಹೋದೆ.

"ನಿನಗ ಮೊದಲ ಗೊತ್ತಿತ್ತಲ್ಲ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ತಲೆ ತಗ್ಗಿಸಿದೆ.

"ಒಂದ್ಸಲ ಬೈದಿದ್ರ ಚಲೋ ಆಗತಿತ್ತು, ತಂಗಿ."

ಅಷ್ಟೇ ಹೇಳಿ ಬಸ್ ಸ್ಟಾಪಿನ ಕಡೆ ನಡೆದರು... ನಾನು ಮತ್ತೆ ಅವರನ್ನು ನೋಡಲಿಲ್ಲ. ನೋಡಬಹುದಿತ್ತು, ಕುಷಾಯಿಗೂಡದ ಅವರ ಮನೆ ನನಗೆ ಗೊತ್ತಿತ್ತು. ಹೋಗುವ ಮುಖ ಇರಲಿಲ್ಲ.

ಮೊನ್ನೆ ಅಂಗಡಿಯಿಂದ ಬಂದವಳೇ ಹಳೆಯ ಡೈರಿ ಹುಡುಕಿ ಅವರ ಮನೆಗೆ ಫೋನು ಮಾಡಿದೆ. ಮಗಳು ಎತ್ತಿದಳು. ನಾನು ಯಾರೆಂದು ಹೇಳಿದೆ.

"ಅಪ್ಪ ಹೋಗಿ ಎರಡು ವರ್ಷ ಆತ್ರಿ. ಕೆಲಸ ಬಿಟ್ಟ ಮ್ಯಾಲ ಎಲಿ ಮುಟ್ಟಲಿಲ್ಲ. ನಿಮ್ಮ ವಿಷಯ ಭಾಳ ತಗೀತಿದ್ರು. ಆ ಹುಡುಗಿ ಕೈ ಆರಾಮಾತೋ ಇಲ್ಲೋ ಅಂತ."

"ಆರಾಮಾಗೇತಿ," ಎಂದೆ.

ಅದು ಆರು ವಾರದಲ್ಲೇ ವಾಸಿಯಾಗಿತ್ತು. ನಾನು ಅವರಿಗೆ ತಿಳಿಸಿರಲಿಲ್ಲ.